ಹುತ್ರಿದುರ್ಗದ ಮಾಡ್, ಜಗಲಿಯ ತಾತ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಸದಾಶಿವನಗರದ ನಮ್ಮ ಮನೆಯಲ್ಲಿ ಫ್ಯಾನಿಗಿಂತ ಹೆಚ್ಚು ಹೊತ್ತು ಅಣ್ಣನ ಕಂಪ್ಯೂಟರ್ ಓಡುತ್ತಿತ್ತು. ಕುದುರೆ ಹತ್ತಿ ಊರೂರು ತಿರುಗುವ ಆಟ. ಆದರೆ ಆ ಊರುಗಳ ಜನ ಬರೀ ಗೊಂಬೆಗಳು. ಒಬ್ಬ ಅಂಗಡಿಯವನಂತೂ ಎಷ್ಟು ಸಲ ಹೋದರೂ ಹೇಳುತ್ತಿದ್ದುದು ಒಂದೇ ಮಾತು. ಅವನನ್ನು ಅಣಕಿಸಿ ಅಣಕಿಸಿ ನಗುತ್ತಿದ್ದೆವು.

ಆಡುವವರೇ ಮಾಡಿ ಸೇರಿಸುವ ಮಾಡ್‌ಗಳನ್ನು ಹಾಕಿದ ಮೇಲೆ ಆಟಕ್ಕೆ ಜೀವ ಬಂತು. ಅಣ್ಣನೂ ಒಂದು ಮಾಡಿದ. ಹಿಮದ ಗುಡ್ಡ ತೆಗೆದು ಹುತ್ರಿದುರ್ಗದ ಬೆಟ್ಟ ನಿಲ್ಲಿಸಿದ. ಕೆಳಗೆ ರಾಗಿ ಹೊಲ, ತಾತನ ಮನೆ, ಜಗಲಿಯ ಮೇಲೆ ತಾತ. ದನಿಯೂ ತಾತನದೇ, ಫೋನಿನಲ್ಲಿ ರೆಕಾರ್ಡ್ ಮಾಡಿ ಹಿಡಿದದ್ದು: "ಬಿಸ್ಲಲ್ಲಿ ಎಲ್ಲಿಗ್ಲಾ ಹೊಂಟೆ? ಕುಂತ್ಕೋ, ಮುದ್ದೆ ಉಂಡ್ಕೊಂಡ್ ಹೋಗು." ಮುಂದಿನ ರಜೆಗೆ ಇನ್ನಷ್ಟು ಮಾತು ಹಿಡಿಯೋಣ ಎಂದಿದ್ದ ಅಣ್ಣ.

ಅದೇ ಬೇಸಿಗೆ ಕುಣಿಗಲ್ ಆಸ್ಪತ್ರೆಯಲ್ಲಿ ತಾತನಿಗೆ ಹೊಟ್ಟೆಯ ಆಪರೇಷನ್. ಅಪ್ಪ ಅಮ್ಮ ಅಲ್ಲಿದ್ದರು, ಅಣ್ಣ ನಮ್ಮೂರಿನದೇ ಶಿರಾ ಗೇಟಿನ ಕಡೆ ಹೋಗಿದ್ದ. ನಾನು, ಏಳನೇ ಕ್ಲಾಸಿನ ಅಧಿಕಪ್ರಸಂಗಿ, ಯಾರೋ ಮಾಡಿದ್ದ ಕಾಡಿನ ಮಾಡ್ ಒಂದನ್ನು ಇಳಿಸಿ ಮಾಡ್‌ಗಳ ಪಟ್ಟಿಯ ಕೊನೆಗೆ ಸೇರಿಸಿದೆ. ಆಟ ತೆರೆದೆ. ಬೆಟ್ಟದ ಕೆಳಗೆ ಬರೀ ಮರಗಳು. ಮನೆಯಿಲ್ಲ, ಜಗಲಿಯಿಲ್ಲ, ತಾತನಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಮ್ಮ. ಆಟ ಬೇರೆ, ಆಸ್ಪತ್ರೆ ಬೇರೆ ಎಂದು ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ! ನಾನು ಇಲ್ಲಿ ಅಳಿಸಿದ್ದಕ್ಕೇ ಅಲ್ಲಿ ಏನೋ ಆಗಿದೆ ಅನ್ನಿಸಿ ಫೋನನ್ನು ದಿಂಬಿನಡಿ ತುರುಕಿದೆ. ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ಸುಮ್ಮನಾದ ಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂದರೂ ಏಳಲಾಗಲಿಲ್ಲ.

ಅಣ್ಣ ಬಂದವನೇ ಒಲೆ ಆರಿಸಿ, ಫೋನ್ ಯಾಕೆ ಎತ್ತಲಿಲ್ಲ ಎಂದು ಗದರಿದ.

"ಆಟದಲ್ಲಿ ತಾತನ್ನ ಅಳಿಸ್ಬಿಟ್ಟೆ ಕಣೋ. ಅದಕ್ಕೇ ಅಮ್ಮ ಫೋನ್ ಮಾಡ್ತಿದಾರೆ."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ದಿಂಬಿನಡಿಯಿಂದ ಫೋನ್ ಎಳೆದು ನಿಂತಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದ. ಆಪರೇಷನ್ ಆಗಿತ್ತು, ತಾತ ಆಗಲೇ ಕಾಫಿ ಬೇಕೆಂದು ಹಟ ಹಿಡಿದಿದ್ದನಂತೆ.

ಆಮೇಲೆ ಅಣ್ಣ ಪಟ್ಟಿಯಲ್ಲಿ ತನ್ನ ಮಾಡ್ ಅನ್ನು ಎಳೆದು ಕಾಡಿನ ಮಾಡ್‌ನ ಕೆಳಗಿಟ್ಟ. "ಪಟ್ಟೀಲಿ ಕೆಳಗಿರೋದೇ ಗೆಲ್ಲೋದು ಕಣೇ." ತಾತ ಜಗಲಿಗೆ ಮರಳಿ ಬಂದು ಊಟಕ್ಕೆ ಕರೆದ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ತಾತ ಇನ್ನೂ ನಾಲ್ಕು ವರ್ಷ ಇದ್ದ. ಪ್ರತಿ ರಜೆಯಲ್ಲೂ ಮಾತು ಹಿಡಿಯುವುದು ಮುಂದಿನ ರಜೆಗೆ ಹೋಯಿತು. ಆ ಆಟ ಈಗಲೂ ನನ್ನ ಹತ್ತಿರ ಇದೆ. ಬೇಜಾರಾದಾಗ ಕುದುರೆ ಹತ್ತಿ ಬೆಟ್ಟದ ಕೆಳಗೆ ಹೋಗುತ್ತೇನೆ. ಬಿಸಿಲಲ್ಲಿ ಎಲ್ಲಿಗೆ ಹೊರಟೆ ಎಂದು ತಾತ ಕೇಳುತ್ತಾನೆ. ಆಸೆಯಿಂದ ಇನ್ನೊಮ್ಮೆ ಹತ್ತಿರ ಹೋದರೂ ಅದನ್ನೇ ಕೇಳುತ್ತಾನೆ. ಆ ಅಂಗಡಿಯವನನ್ನು ಅಣಕಿಸಲು ಈಗ ನನಗೆ ಬಾಯಿ ಬರುವುದಿಲ್ಲ.