ಸುಬೇದಾರರ ಮನೆಯಲ್ಲಿ ರಜಾ

ನಾನೀಗ ಇರುವ ಪರದೇಶದಲ್ಲಿ, ಲಿನ್‌ವುಡ್‌ನ ಮಾಲ್‌ನಲ್ಲಿ ಮೊನ್ನೆ ಒಬ್ಬಾತ ಗಿರಾಕಿಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋದ ಕೆಲಸ ಮರೆತು ನಿಂತುಬಿಟ್ಟೆ. ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಇದೇ ವಾಸನೆ ಇತ್ತು. ನಮ್ಮಜ್ಜ ಬ್ರಿಟಿಷರ ಕಾಲದಲ್ಲಿ, ಪೂರ್ತಿ ಸೈನ್ಯವೂ ಅಲ್ಲ ಪೊಲೀಸೂ ಅಲ್ಲ ಅನ್ನುವಂಥ ಒಂದು ಊರಕಾವಲು ಪಡೆಯಲ್ಲಿ ಸುಬೇದಾರ, ಆಮೇಲೆ ಮಾಮಲೇದಾರ, ಅಂದರೆ ಈಗಿನ ತಹಶೀಲ್ದಾರ. ನಾನು ಹುಟ್ಟೋ ಹೊತ್ತಿಗೆ ಪಡೆಯೂ ಇರಲಿಲ್ಲ, ಕಚೇರಿಯೂ ಇರಲಿಲ್ಲ, ಬೂಟು ಮಾತ್ರ ಉಳಿದಿದ್ದವು. ದಿನಾ ಮುಂಜಾನೆ ಅವನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಿ, ಕಾಲಿಗೇರಿಸಿ, ಹೊರಗಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದ. ಅಧಿಕಾರ ನಡೆಸಲಿಕ್ಕೆ ಇನ್ಯಾರಿದ್ದರು? ನಾವೇ.

ಅಜ್ಜನಿಂದ ‘ರಜಾ’ ಮಂಜೂರಾಗದೆ ಯಾರೂ ಗೇಟು ದಾಟುವಂತಿರಲಿಲ್ಲ. ಗುಡಿಗೆ ಹೋಗಲಿ, ಪಕ್ಕದ ಮನೆಯ ಅರಿಶಿಣ-ಕುಂಕುಮಕ್ಕೆ ಹೋಗಲಿ, ಅಜ್ಜಿ ಸಹ ಸೆರಗು ಹೊದ್ದು ಕುರ್ಚಿಯ ಮುಂದೆ ನಿಲ್ಲಬೇಕು. “ಯಾಕ? ಯಾರ ಜೋಡಿ? ಎಷ್ಟೊತ್ತಿಗೆ ವಾಪಸ್?” ಮೂರಕ್ಕೂ ಉತ್ತರ ಸರಿಯಿದ್ದರೆ ಗೋಣು ಹಾಕುತ್ತಿದ್ದ. ಮುದುಕ ಕೆಟ್ಟವನಾಗಿದ್ದರೆ ಚಲೋ ಇತ್ತು, ಬೈದು ಹಗುರಾಗುತ್ತಿದ್ದೆವು. ನಮಗೆ ಜ್ವರ ಬಂದರೆ ಬೂಟು ಬಿಚ್ಚಿಟ್ಟು, ಹಣೆಗೆ ಒದ್ದೆಬಟ್ಟೆ ಹಾಕುತ್ತ ನಮ್ಮ ಹಾಸಿಗೆ ಬಿಟ್ಟೇಳದವನು ಅವನೇ. ಅಂಥವನ ಮೇಲೆ ಸಿಟ್ಟು ಮಾಡುವುದಾದರೂ ಹೆಂಗೆ?

ಆ ಮನೆಯಲ್ಲಿ ನಮ್ಮ ಅತ್ಯಾ ಇದ್ದಳು, ಅಪ್ಪನ ತಂಗಿ. ಸಣ್ಣ ವಯಸ್ಸಿನಲ್ಲೇ ಗಂಡನ್ನ ಕಳೆದುಕೊಂಡು ತವರಿಗೆ ಬಂದವಳು. ಮ್ಯಾಟ್ರಿಕ್‌ನಲ್ಲಿ ಚಲೋ ಮಾರ್ಕ್ಸ್ ಇದ್ದವು ಅಂತ ಹುಬ್ಬಳ್ಳಿಯ ಒಂದು ಹುಡುಗಿಯರ ಸಾಲೆಯಲ್ಲಿ ಅವಳಿಗೆ ಮಾಸ್ತರಿಕೆ ಸಿಕ್ಕಿತು. ಹೊಸ ಸೀರೆ ಉಟ್ಟು ಕುರ್ಚಿಯ ಮುಂದೆ ನಿಂತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. “ಅಪ್ಪಾ, ಹೋಗಿ ಬರ್ಲೇನ್ರಿ?” ಅಜ್ಜ ಬೀದಿ ನೋಡುತ್ತ, “ಮಾಮಲೇದಾರನ ಮಗಳು ದಿನಾ ಬಸ್ಸಿನ್ಯಾಗ ಜೋತಾಡಿಕೋತ ಹೋಗೋದಾ? ರಜಾ ಇಲ್ಲ” ಅಂದ. ನಮ್ಮಪ್ಪ ಅಲ್ಲೇ ಇದ್ದ, ಪೇಪರಿನ ಹಾಳೆ ತಿರುವಿದ. ಅತ್ಯಾ ಒಳಗೆ ಬಂದು ಸೀರೆ ಮಡಿಚಿಟ್ಟು ಹಿಟ್ಟು ನಾದಲಿಕ್ಕೆ ಕೂತಳು. ಆ ಮುದುಕನ ಶಿಸ್ತಿಗಿಷ್ಟು ಬೆಂಕಿ ಹಾಕ! ಅಜ್ಜ ಸತ್ತ ಮೇಲಾದರೂ ಹೊರಬಿದ್ದಳೇ ಅಂದರೆ ಅದೂ ಇಲ್ಲ. ಅಪ್ಪನನ್ನು ಕೇಳುತ್ತಿದ್ದಳು, ಅಪ್ಪನ ನಂತರ ನನ್ನ ತಮ್ಮನನ್ನು.

ಆ ಮನೆ ಕೆಡವಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಅತ್ಯಾನೂ ಹೋದಳು. ಹೋಗುವ ಹಿಂದಿನ ವರ್ಷ ನಾನೇ ಹಟ ಹಿಡಿದು ಅವಳನ್ನು ಇಲ್ಲಿಗೆ, ನಾರ್ತ್ ಕ್ರೀಕ್‌ನ ನಮ್ಮ ಮನೆಗೆ ಕರೆಸಿದ್ದೆ. ಒಂದು ಸಲವಾದರೂ ತನ್ನ ಮನಸ್ಸಿಗೆ ಬಂದ ಕಡೆ ತಾನೇ ನಡೆದು ಹೋಗಲಿ ಅನ್ನೋದೊಂದೇ ಆಸೆ. ಆದರೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಶಾಲು ಹೊದ್ದು ಬಾಗಿಲ ಹತ್ತಿರ ನಿಂತಿರುತ್ತಿದ್ದಳು. “ಸ್ವಲ್ಪ ಅಡ್ಡಾಡಿ ಬರ್ಲೇನವಾ?” ನನ್ನ ಮಗಳು ನಗುತ್ತ, “ಜಸ್ಟ್ ಗೋ, ಅಜ್ಜಿ!” ಅನ್ನುತ್ತಿದ್ದಳು.

ಒಂದು ದಿನ ನನಗೆ ತಡಕೊಳ್ಳಲಿಕ್ಕಾಗಲಿಲ್ಲ. ಕೀ ಅವಳ ಕೈಯಲ್ಲಿಟ್ಟು, “ಇವತ್ತ ಯಾರನ್ನೂ ಕೇಳಬ್ಯಾಡ ಅತ್ಯಾ. ನಿನ್ನ ಮನಸ್ಸಿಗೆ ಬಂದಾಗ ಹೋಗು, ಬ್ಯಾಸರಾದಾಗ ಬಾ” ಅಂದು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಬಾಗಿಲು ಹಾಕಿದೆ, ಅತ್ಯಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಮಧ್ಯಾಹ್ನದಿಂದ ಅಲ್ಲೇ ಇದ್ದಳಂತೆ. ಆ ಥಂಡಿಯಲ್ಲಿ ಬೆರಳೆಲ್ಲ ಸೆಟೆದು ಹೋಗಿವೆ, ಕೀ ಮುಷ್ಟಿಯಲ್ಲೇ ಇದೆ. ನಾನು ಅಲ್ಲೇ ಕೂತು ಅವಳ ಕೈ ತಿಕ್ಕುತ್ತ ಅತ್ತುಬಿಟ್ಟೆ. ಅವಳು ನನ್ನನ್ನೇ ಸಮಾಧಾನ ಮಾಡುವವಳಂತೆ ಮೆಲ್ಲಗೆ ಹೇಳಿದಳು:

“ಅಳಬ್ಯಾಡವಾ. ಹೊರಗ ಬಂದೆ ನೋಡು, ಯಾರನ್ನೂ ಕೇಳಲಿಲ್ಲ. ಮುಂದ ಎಲ್ಲಿಗೆ ಹೋಗೋದು ಅನ್ನೋದು ನನಗ ಹೊಳೀಲಿಲ್ಲ.”