ಪಕ್ಕಕ್ಕೆ ಸರಿಯುವ ಸಿಸ್ಟರ್

ನಮ್ಮ ಮನೆಯ ಮದುವೆ ಆಲ್ಬಮ್‌ಗಳಲ್ಲಿ ದೊಡ್ಡಮ್ಮ ಪೂರ್ತಿಯಾಗಿ ಎಲ್ಲೂ ಸಿಗುವುದಿಲ್ಲ. ಒಂದರಲ್ಲಿ ಮೊಣಕೈ ಇದೆ, ಇನ್ನೊಂದರಲ್ಲಿ ಅರ್ಧ ಭುಜ. ಫೋಟೋದವನು ಎಲ್ಲರೂ ಇತ್ತ ನೋಡಿ ಎನ್ನುವ ಹೊತ್ತಿಗೆ ಸರಿಯಾಗಿ ಅವಳಿಗೆ ಯಾರಿಗೋ ನೀರು ಕೊಡುವುದು ನೆನಪಾಗುತ್ತದೆ. ಸ್ವಂತ ತಂಗಿಯ ಮದುವೆಯಲ್ಲೂ ಹೀಗೇ ಮಾಡಿದಳೆಂದು ಅಮ್ಮನಿಗೆ ಇವತ್ತಿಗೂ ಸಿಟ್ಟು. ನಮ್ಮಕ್ಕ ಬೇಕು ಅಂದರೆ ಆಲ್ಬಮ್ಮಿನ ಅಂಚಿನಲ್ಲಿ ಹುಡುಕಬೇಕು ಎನ್ನುತ್ತಾಳೆ.

ದೊಡ್ಡಮ್ಮ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅಲ್ಲಿ ಅವಳಿಗೆ ಪಟ್ಟಿ ಸಿಸ್ಟರ್ ಎಂದೇ ಹೆಸರು. ಪೊರೆ ತೆಗೆಸಿಕೊಂಡವರ ಕಣ್ಣಿನ ಪಟ್ಟಿಯನ್ನು ಮಾರನೆಯ ಬೆಳಿಗ್ಗೆ ಬಿಚ್ಚುವುದು ಅವಳ ಕೆಲಸ. ಇದರಲ್ಲೇನು ಮಹಾ ಇದೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಒಂದು ಸಲ ನಿಂತು ನೋಡುವವರೆಗೆ. ಸ್ಟೂಲಿನ ಮೇಲೆ ರೋಗಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದಳು. ಮಾತಾಡುತ್ತಾ ಮಾತಾಡುತ್ತಾ ಕೆನ್ನೆಗೆ ಅಂಟಿಸಿದ ಟೇಪನ್ನು ಚರ್ಮಕ್ಕೆ ಗೊತ್ತಾಗದಂತೆ ಬಿಡಿಸುತ್ತಿದ್ದಳು. ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿ, ಇನ್ನು ನಿಧಾನಕ್ಕೆ ಕಣ್ಣು ಬಿಡಿ ಎಂದು ಹೇಳಿ, ಆ ಮಾತು ಮುಗಿಯುವುದರೊಳಗೆ ಸ್ಟೂಲಿನಿಂದ ಎದ್ದು ಎಡಕ್ಕೆ ಸರಿದುಬಿಡುತ್ತಿದ್ದಳು. ಅವಳ ಬೆನ್ನ ಹಿಂದೆ ಆ ರೋಗಿಯ ಗಂಡನೋ ಮಗಳೋ ಮೊಮ್ಮಗುವೋ ಮೊದಲೇ ಬಂದು ನಿಂತಿರಬೇಕು. ಮೊದಲ ನೋಟ ಮನೆಯವರದ್ದು ಎಂಬುದು ಅವಳ ಕಟ್ಟುನಿಟ್ಟು. ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ, ಅವಳೇ ಮಾಡಿಕೊಂಡದ್ದು.

ನಾನು ನೋಡಿದ ದಿನ ಒಬ್ಬ ಅಜ್ಜ ಕಣ್ಣು ಬಿಟ್ಟವನೇ ಎದುರಿಗಿದ್ದ ಹೆಂಡತಿಯನ್ನು ನೋಡಿ, ಇದ್ಯಾರು ಈ ಮುದುಕಿ ಎಂದು ಕೇಳಿದ. ಆ ಅಜ್ಜಿ, ಒಂದು ಕನ್ನಡಿ ಇದ್ದರೆ ಕೊಡಿ, ಇವರಿಗೂ ತೋರಿಸೋಣ ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ದೊಡ್ಡಮ್ಮ ಅಷ್ಟರಲ್ಲಿ ಮುಂದಿನ ಮಂಚದ ಹತ್ತಿರ ಕೈ ತೊಳೆಯುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಅದೇ ಅಜ್ಜ ಎದುರಿಗೆ ಬಂದರೂ ಅವಳ ಗುರುತು ಹಿಡಿಯುವುದಿಲ್ಲ. ಅವಳು ಬಾಯಿ ಬಿಟ್ಟರೆ ಮಾತ್ರ ಹಿಡಿದಾನು. ಅವಳ ರೋಗಿಗಳಿಗೆ ಅವಳೆಂದರೆ ಒಂದು ದನಿ, ಅಷ್ಟೇ.

ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, ನೋಡೋಕೆ ಬಂದವರಿಗೆಲ್ಲ ನಾನು ಕಾಫಿ ಕೊಟ್ಟು ಒಳಗೆ ಹೋಗಿಬಿಡ್ತಿದ್ದೆ, ಅವರು ನಿಮ್ಮಮ್ಮನ್ನ ನೋಡ್ಕೊಂಡು ಹೋಗ್ತಿದ್ರು ಎಂದು ನಗುತ್ತಾಳೆ. ತಮಾಷೆಯೋ ನಿಜವೋ ನನಗೆ ಗೊತ್ತಿಲ್ಲ. ನಿವೃತ್ತಿಯಾದ ಮೇಲೆ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಬಾಗಿಲು ಬಡಿದರೆ ಹಾಲಿನವನು ಇಲ್ಲವೇ ನಾನು. ನಮ್ಮ ಮನೆಗೆ ಬಂದು ಇರು ಎಂದರೆ, ಬರೋಣ ಬಿಡು ಎನ್ನುತ್ತಿದ್ದಳು. ಆ ಬರೋಣ ಯಾವತ್ತೂ ಬರಲಿಲ್ಲ.

ಹೀಗಿರುವಾಗ ಅವಳ ಆಸ್ಪತ್ರೆಯ ಹಳೆಯ ಡಾಕ್ಟರು ಫೋನ್ ಮಾಡಿದರು. ಅವರು ವರ್ಷಕ್ಕೊಮ್ಮೆ ಒಂದು ತಂಡ ಕಟ್ಟಿಕೊಂಡು, ಕಣ್ಣಿನ ಡಾಕ್ಟರುಗಳೇ ಇಲ್ಲದ ಒಂದು ದೇಶಕ್ಕೆ ಹೋಗಿ, ಕೆಲವು ದಿನ ಅಲ್ಲಿದ್ದು, ಪೊರೆಯ ಆಪರೇಷನ್ ಮಾಡಿ ಬರುತ್ತಿದ್ದರು. ಸಂಬಳ ಗಿಂಬಳ ಇಲ್ಲ, ಸೇವೆ. ಈ ಸಲ ಬರಬೇಕಾಗಿದ್ದ ಒಬ್ಬ ನರ್ಸ್ ಕೈಕೊಟ್ಟಿದ್ದಳು. ಸಿಸ್ಟರ್, ನೀವು ಬರ್ತೀರಾ ಎಂದು ಕೇಳಿದರು. ಯಾರೂ ಸಿಗದೆ ತನ್ನನ್ನು ಕೇಳುತ್ತಿದ್ದಾರೆ ಎಂಬುದು ದೊಡ್ಡಮ್ಮನಿಗೆ ಗೊತ್ತಾಯಿತು. ಆದರೂ ಯಾರೋ ಕರೆದರಲ್ಲ ಎಂದು ಖುಷಿಯಾಯಿತಂತೆ.

ಅಮ್ಮ ಮೂಗು ಮುರಿದಳು. ಇಲ್ಲಿ ಕಣ್ಣು ಕಾಣದವರಿಗೇನು ಬರವೇ, ಮೊಣಕಾಲು ನೋವು ಇಟ್ಟುಕೊಂಡು ಅಷ್ಟು ದೂರ ಯಾಕೆ ಸಾಯಬೇಕು ಎಂದಳು. ನನಗೂ ಸೇವೆ ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತದೆ. ಹೀಗೆ ಹೋಗುವವರಲ್ಲಿ ಅರ್ಧ ಜನ ಬಡವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಅದು ಬೇರೆ ಮಾತು. ಫೋಟೋ ಎಂದರೆ ಓಡಿಹೋಗುವ ದೊಡ್ಡಮ್ಮನ ಬಗ್ಗೆ ಮಾತ್ರ ಆ ಹೆದರಿಕೆ ಇರಲಿಲ್ಲ. ಅವಳು ಹೋದಳು. ಅಲ್ಲಿ ನಡೆದದ್ದನ್ನು ಒಂದೇ ಸಲ ಕೂತು ಹೇಳಿದವಳಲ್ಲ. ಅವಳ ಮನೆಗೆ ಹೋದಾಗಲೆಲ್ಲ ಸ್ವಲ್ಪ ಸ್ವಲ್ಪ ಬಾಯಿ ಬಿಡಿಸಿ ನಾನು ಜೋಡಿಸಿಕೊಂಡದ್ದು ಇದು.

ರಜೆಯಲ್ಲಿದ್ದ ಒಂದು ಶಾಲೆಯಲ್ಲಿ ಕ್ಯಾಂಪು. ತಂಡ ಬರುತ್ತದೆಂದು ಗೋಡೆಗಳಿಗೆಲ್ಲ ಹೊಸದಾಗಿ ಸುಣ್ಣ ಬಳಿದಿದ್ದರು. ತರಗತಿಯ ಬೆಂಚುಗಳನ್ನು ಎರಡೆರಡಾಗಿ ಜೋಡಿಸಿ ಮಂಚ ಮಾಡಿದ್ದರು. ಡಾಕ್ಟರನ್ನು ಬಿಟ್ಟರೆ ತಂಡದವರಲ್ಲಿ ಉಳಿದವರೆಲ್ಲ ಚಿಕ್ಕ ವಯಸ್ಸಿನವರು. ಅವರು ಸಂಜೆಯಾದರೆ ಅಂಗಳದಲ್ಲಿ ಗುಂಪಾಗಿ ಕೂತು ಹಾಡಿ, ನಕ್ಕು, ಮನೆಗೆ ಫೋನ್ ಹಚ್ಚಿ ಮಕ್ಕಳ ಮುಖ ನೋಡುತ್ತಿದ್ದರು. ಅವಳನ್ನೂ ಆಂಟಿ ಬನ್ನಿ ಎಂದು ಕರೆಯುತ್ತಿದ್ದರು, ಮರ್ಯಾದೆಗೆ. ಅವಳು ಸ್ವಲ್ಪ ಹೊತ್ತು ಕೂತು, ಹತ್ತಿ ಉಂಡೆ ಮಾಡಿಡಬೇಕು ಎಂದು ಎದ್ದುಬರುತ್ತಿದ್ದಳು. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹತ್ತಿ ಉಂಡೆಗಳು ಆ ದಿನಗಳಲ್ಲಿ ತಯಾರಾದವು.

ಭಾಷೆ ಬರದ ಕಡೆ ಅವಳ ದನಿಗೂ ಬೆಲೆ ಇರಲಿಲ್ಲ. ಅಲ್ಲಿಯ ಶಾಲೆಯ ಟೀಚರ್ ಒಬ್ಬರು ಹರಕು ಮುರುಕು ಇಂಗ್ಲಿಷಿನಲ್ಲಿ ಎರಡೂ ಕಡೆಯ ಮಾತು ದಾಟಿಸುತ್ತಿದ್ದರು. ದೊಡ್ಡಮ್ಮ ಅದಕ್ಕೆಲ್ಲ ಕಾಯದೆ ಪಟ್ಟಿ ಬಿಚ್ಚುವಾಗ ನಮ್ಮ ಭಾಷೆಯಲ್ಲೇ ಊಟ ಆಯ್ತಾ, ನಿದ್ದೆ ಬಂತಾ ಎಂದು ಕೇಳಿಕೊಂಡು ಹೋಗುತ್ತಿದ್ದಳು. ಅವರು ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಹ್ಞೂಂ ಹ್ಞೂಂ ಎನ್ನುತ್ತಿದ್ದಳು. ಕಣ್ಣು ಬಿಟ್ಟವರು ತಮ್ಮವರ ಕುತ್ತಿಗೆಗೆ ಜೋತುಬಿದ್ದು ಅಳುವಾಗ ಇವಳು ಎಡಕ್ಕೆ ಸರಿದು ನಿಂತಿರುತ್ತಿದ್ದಳು. ದೇಶ ಯಾವುದಾದರೇನು, ಎಡ ಎಡವೇ.

ಕೊನೆಯ ದಿನ ಬಂತು. ಬೆಳಿಗ್ಗೆ ಕೊನೆಯ ಗುಂಪಿನ ಪಟ್ಟಿ ಬಿಚ್ಚಿ, ಮಧ್ಯಾಹ್ನ ಊಟ ಮುಗಿಸಿ ತಂಡ ಬಸ್ಸು ಹತ್ತಬೇಕು. ಗುಂಪಿನ ಕೊನೆಯಲ್ಲಿ ದೊಡ್ಡಮ್ಮನದೇ ವಯಸ್ಸಿನ ಒಬ್ಬ ಹೆಂಗಸು ಇದ್ದಳು. ಎರಡೂ ಕಣ್ಣಿಗೆ ಗಟ್ಟಿ ಪೊರೆ ಬಂದು, ವರ್ಷಗಳಿಂದ ಅವಳಿಗೆ ಲೋಕವೆಲ್ಲ ಮಬ್ಬು ಬಿಳಿ. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಕ್ಯಾಂಪಿನಲ್ಲಿ ಪ್ರತಿ ರೋಗಿಯ ಜೊತೆ ಮನೆಯವರು ಒಬ್ಬರು ಇರಲೇಬೇಕೆಂದು ನಿಯಮ. ಮುಂದೆ ವಾರಗಟ್ಟಲೆ ಕಣ್ಣಿಗೆ ಹನಿ ಹಾಕಲು ಜನ ಬೇಕಲ್ಲ. ಈ ಹೆಂಗಸಿನ ಜೊತೆ ಜೀಪಿನಲ್ಲಿ ಬಂದ ಯಾರನ್ನೋ ಅವಳ ಮನೆಯವರೆಂದೇ ಎಲ್ಲರೂ ತಿಳಿದಿದ್ದರು.

ದೊಡ್ಡಮ್ಮ ಟೇಪು ಬಿಡಿಸಿದಳು, ರೆಪ್ಪೆ ಒರೆಸಿದಳು, ಇನ್ನು ನಿಧಾನಕ್ಕೆ ಬಿಡಿ ಎಂದಳು. ಎದ್ದು ಎಡಕ್ಕೆ ಸರಿದಳು. ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ಇದ್ದೇ ಇರುತ್ತಾರೆ ಎಂಬುದು ಅವಳ ಕಾಲಿಗೇ ಅಭ್ಯಾಸವಾಗಿಹೋಗಿತ್ತು.

ಆ ಹೆಂಗಸು ಕಣ್ಣು ಬಿಟ್ಟಳು. ಬಿಟ್ಟದ್ದೇ ಒಂದು ಥರಾ ನರಳಿ, ಆಪರೇಷನ್ ಆದ ಕಣ್ಣನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು.

ಹಾಗೆ ಒತ್ತಿದರೆ ಗಾಯ ಬಿಚ್ಚಿಕೊಂಡು ಕಣ್ಣೇ ಹೋಗುವ ಅಪಾಯ. ದೊಡ್ಡಮ್ಮ ಕೈ ಹಿಡಿದು ಬಿಡಿಸಲು ಹೋದರೆ ಅವಳು ಇನ್ನೂ ಬಿಗಿಯಾಗಿ ಒತ್ತಿದಳು. ಟೀಚರ್ ಓಡಿಬಂದು ಸಮಾಧಾನ ಮಾಡಿದರು. ಡಾಕ್ಟರು ಬಂದು ಟಾರ್ಚ್ ಹಿಡಿದು ನಿಂತರು. ಅವಳು ಯಾರ ಮಾತಿಗೂ ಬಗ್ಗಲಿಲ್ಲ. ಏನೂ ಬದಲಾಗಿಲ್ಲ, ಮೊದಲಿನ ಹಾಗೇ ಬರೀ ಬಿಳಿ ಕಾಣಿಸುತ್ತಿದೆ, ಸುಮ್ಮನೆ ಆಸೆ ಹುಟ್ಟಿಸಿದಿರಿ, ನನ್ನನ್ನು ಬಿಡಿ ಎಂದು ಹೇಳುತ್ತಿದ್ದಾಳೆಂದು ಟೀಚರ್ ತಿಳಿಸಿದರು. ಮನೆಯವರನ್ನು ಕರೆಸಿ ಎಂದರು ಡಾಕ್ಟರು. ಆಗ ಗೊತ್ತಾಯಿತು, ಜೀಪಿನಲ್ಲಿ ಬಂದವರು ಪಕ್ಕದ ಮನೆಯವರು, ಅದೇ ಜೀಪಿನಲ್ಲಿ ವಾಪಸು ಹೋಗಿದ್ದಾರೆ. ಅವಳಿಗೆ ತನ್ನವರು ಅಂತ ಯಾರೂ ಇಲ್ಲ.

ದೊಡ್ಡಮ್ಮ ಆ ಹೆಂಗಸು ನೋಡಿದ ಕಡೆ ತಿರುಗಿ ನೋಡಿದಳು. ಎದುರಿಗೆ ಗೋಡೆ. ಹೊಸ ಸುಣ್ಣ ಬಳಿದ, ಕಿಟಕಿಯ ಬಿಸಿಲು ಬಿದ್ದ, ಒಂದು ಕಲೆಯೂ ಇಲ್ಲದ ಬಿಳೀ ಗೋಡೆ. ಕಣ್ಣು ಸರಿಯಾಗೇ ಇತ್ತು. ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಹೊರಗೆ ತಂಡದವರು ಪೆಟ್ಟಿಗೆ ಕಟ್ಟುತ್ತಿದ್ದರು. ಡಾಕ್ಟರಿಗೆ ಅವಸರ. ದೊಡ್ಡಮ್ಮ ಅವರನ್ನು ಕೈಸನ್ನೆಯಿಂದಲೇ ಹಿಂದೆ ಕಳಿಸಿದಳು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಇದ್ದರೂ ಯಾವ ಡಾಕ್ಟರಿಗೂ ಹಾಗೆ ಮಾಡಿದವಳಲ್ಲ. ಸ್ಟೂಲು ಎಳೆದುಕೊಂಡು ಮತ್ತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಮಾಸ್ಕು ತೆಗೆದಳು, ಟೋಪಿ ತೆಗೆದಳು, ಕನ್ನಡಕ ತೆಗೆದು ಜೇಬಿಗೆ ಹಾಕಿದಳು. ಆ ಹೆಂಗಸಿನ ಇನ್ನೊಂದು ಕೈ ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡಳು.

“ನಾನಿದ್ದೀನಿ. ಈ ಸಲ ಪಕ್ಕಕ್ಕೆ ಸರಿಯೋದಿಲ್ಲ. ಇಲ್ಲೇ ಕೂತಿದ್ದೀನಿ, ನೋಡಿ” ಎಂದಳು, ನಮ್ಮ ಭಾಷೆಯಲ್ಲೇ.

ಬೆರಳುಗಳು ಹಣೆ ಮುಟ್ಟಿದವು. ನಮ್ಮ ಮನೆತನದ ಮೊಂಡು ಮೂಗನ್ನು ಮುಟ್ಟಿದವು. ಗಲ್ಲದ ಮೇಲಿರುವ ದಪ್ಪ ಮಚ್ಚೆಯ ಹತ್ತಿರ ಬಂದು ನಿಂತುಬಿಟ್ಟವು. ಕಣ್ಣನ್ನು ಒತ್ತಿದ್ದ ಕೈ ಸ್ವಲ್ಪ ಸಡಿಲವಾಯಿತು. ಆಮೇಲೆ ಅವಳು ಕಣ್ಣು ಬಿಟ್ಟಳು. ಬೆರಳಿಗೆ ಸಿಕ್ಕ ಮಚ್ಚೆ ಈಗ ಕಣ್ಣಿಗೂ ಸಿಕ್ಕಿತು. ಅದನ್ನು ನೋಡಿದಳು, ಮುಟ್ಟಿದಳು, ಮತ್ತೆ ನೋಡಿದಳು. ಆಮೇಲೆ ಮುಖವನ್ನೆಲ್ಲ ನೋಡತೊಡಗಿದಳು.

ಎದ್ದು ಓಡಿಹೋಗಬೇಕು ಅನ್ನಿಸಿತು ಎನ್ನುತ್ತಾಳೆ ದೊಡ್ಡಮ್ಮ. ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಸರಿಯೋದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಕೂತೇ ಇದ್ದಳು. ಆ ಹೆಂಗಸು ಹುಬ್ಬು, ನೆರೆತ ಕೂದಲು, ಬಾಯಿಯ ಪಕ್ಕದ ಗೆರೆ, ಒಂದನ್ನೂ ಬಿಡದೆ ನೋಡಿದಳು. ಅಷ್ಟು ಹೊತ್ತು ಯಾರೂ ತನ್ನ ಮುಖವನ್ನು ನೋಡಿದ್ದಿಲ್ಲ ಎಂಬುದು ದೊಡ್ಡಮ್ಮನಿಗೆ ಆಗ ಹೊಳೆಯಿತು. ಅಳು ಬಂತು. ರೋಗಿಯೇ ಅವಳ ಕಣ್ಣು ಒರೆಸಿದಳು.

ಕಣ್ಣೇನೋ ಕಂಡಿತು. ಹನಿ ಹಾಕುವವರು ಯಾರು? ಟೀಚರ್ ಮನೆ ದೂರ, ಪಕ್ಕದ ಮನೆಯವರು ದಿನಾ ಬರುವುದು ಅನುಮಾನ. ಮೊದಲೇ ಗೊತ್ತಿದ್ದರೆ ಆಪರೇಷನ್ನೇ ಮಾಡುತ್ತಿರಲಿಲ್ಲ ಎಂದರು ಡಾಕ್ಟರು, ಕೋಪದಿಂದಲ್ಲ, ಚಿಂತೆಯಿಂದ. ದೊಡ್ಡಮ್ಮ ತನ್ನ ಚೀಲ ತಂದಳು. ಅವಳಿಗೇ ಕಣ್ಣು ಒಣಗುವ ಕಾಯಿಲೆ ಇತ್ತು, ವರ್ಷಗಳಿಂದ ದಿನಾ ತಾನೇ ಹನಿ ಹಾಕಿಕೊಳ್ಳುತ್ತಿದ್ದಳು. ಜೊತೆಗೆ ಜನ ಇರುವವರಿಗೆ ಇದು ಬರುವುದಿಲ್ಲ, ಅವರು ತಲೆ ಮೇಲೆತ್ತಿ ಯಾರನ್ನೋ ಕರೆಯುತ್ತಾರೆ. ಒಬ್ಬಳೇ ಇರುವವಳಿಗೆ ಬರುತ್ತದೆ.

ಪಕ್ಕದ ಬೆಂಚಿನ ಮೇಲೆ ಅಂಗಾತ ಮಲಗಿದಳು. ಸೀಸೆ ಹಿಡಿದ ಕೈಯನ್ನು ಅಲುಗದಂತೆ ಹಣೆಗೆ ಊರಿ, ಇನ್ನೊಂದು ಕೈಯ ಬೆರಳಿನಿಂದ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು, ಒಂದು ಹನಿ ಬೀಳಿಸಿಕೊಂಡು ತೋರಿಸಿದಳು. ಆ ಹೆಂಗಸೂ ತನಗೆ ಕೊಟ್ಟ ಔಷಧಿಯ ಸೀಸೆ ಹಿಡಿದು ತನ್ನ ಬೆಂಚಿನ ಮೇಲೆ ಹಾಗೇ ಮಲಗಿದಳು. ಮೊದಲ ಹನಿ ಕೆನ್ನೆಗೆ ಬಿತ್ತು. ಇನ್ನೊಂದು ಮೂಗಿನ ಹೊಳ್ಳೆಗೆ ಹೋಗಿ ಸೀನು ಬಂತು. ಮತ್ತೊಂದು ಕಿವಿಗೆ ಹರಿಯಿತು. ಅವಳು ನಕ್ಕಳು, ದೊಡ್ಡಮ್ಮನೂ ನಕ್ಕಳು. ಬಾಗಿಲಲ್ಲಿ ನಿಂತ ಟೀಚರ್‌ಗೆ, ಇಬ್ಬರು ವಯಸ್ಸಾದ ಹೆಂಗಸರು ಬೆಂಚಿನ ಮೇಲೆ ಮಲಗಿ ಚಾವಣಿ ನೋಡುತ್ತಾ ನಗುತ್ತಿರುವುದು ಯಾಕೆಂದು ಅರ್ಥವಾಗಲಿಲ್ಲ. ಊಟದ ಹೊತ್ತು ಮೀರಿತು. ಕೊನೆಗೆ ಹನಿ ತಪ್ಪದೆ ಕಣ್ಣಿಗೇ ಬೀಳತೊಡಗಿತು. ಡಾಕ್ಟರು ನಿಂತು ನೋಡಿ, ಸರಿ ಎಂದು ತಲೆಯಾಡಿಸಿ ಹೋದರು.

ಬಸ್ಸಿನ ಹಾರ್ನ್ ಆಯಿತು. ಇಬ್ಬರೂ ಹೊರಗೆ ಬಂದರು, ಆ ಹೆಂಗಸು ಅಂಗಳದ ಕಟ್ಟೆಯ ಮೇಲೆ ಕೂತಳು. ಆ ಹೆಂಗಸು ಟೀಚರ್ ಹತ್ತಿರ ಏನೋ ಕೇಳಿದಳು. ನಾಳೆ ಬೆಳಿಗ್ಗೆ ಇವರೇ ಬರ್ತಾರಾ ಅಂತ ಕೇಳ್ತಿದ್ದಾಳೆ ಎಂದರು ಟೀಚರ್. ದೊಡ್ಡಮ್ಮ ಇಲ್ಲ ಎಂದು ತಲೆ ಆಡಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲವಂತೆ. ಆ ಹೆಂಗಸು ಕ್ಯಾಂಪಿನಲ್ಲಿ ಕೊಟ್ಟಿದ್ದ ಕಪ್ಪು ಕನ್ನಡಕ ತೆಗೆದು ಇವಳ ಮುಖವನ್ನು ಇನ್ನೊಮ್ಮೆ ನೋಡಿದಳು. ಬಿಸಿಲು, ಹಾಕಿಕೊಳ್ಳಿ ಎಂದು ದೊಡ್ಡಮ್ಮ ಸನ್ನೆ ಮಾಡಿದರೂ ಹಾಕಿಕೊಳ್ಳಲಿಲ್ಲ. ಬಸ್ಸು ಶಾಲೆಯ ಗೇಟು ದಾಟುವಾಗ ಹಿಂದಿನ ಕಿಟಕಿಯಿಂದ ನೋಡಿದರೆ, ಕಟ್ಟೆಯ ಮೇಲೆ ಹಾಗೇ ಕೂತಿದ್ದಳು, ಕನ್ನಡಕ ಕೈಯಲ್ಲಿ ಹಿಡಿದುಕೊಂಡು.

ವಿಮಾನ ನಿಲ್ದಾಣಕ್ಕೆ ಉಳಿದವರ ಮನೆಯವರೆಲ್ಲ ಬಂದಿದ್ದರು. ಮಕ್ಕಳು ಓಡಿಬಂದು ಕಾಲಿಗೆ ಸುತ್ತಿಕೊಳ್ಳುವಾಗ ದೊಡ್ಡಮ್ಮ ಎಡಕ್ಕೆ ಸರಿದು, ಚೀಲ ಎತ್ತಿಕೊಂಡು, ಆಟೋ ಹಿಡಿದಳು. ತಾನು ಬರುವ ದಿನವನ್ನು ನಮಗೆ ಹೇಳಿಯೇ ಇರಲಿಲ್ಲ. ಬೀಗ ತೆಗೆದು ಒಳಗೆ ಹೋಗಿ, ಮುಖ ತೊಳೆದು, ಆಮೇಲೆ ಫೋನ್ ಮಾಡಿದಳು. ಅಮ್ಮ ಅಡುಗೆ ಮಾಡುತ್ತಿದ್ದುದರಿಂದ ನಾನು ಸ್ಪೀಕರ್ ಹಾಕಿ ಅವಳ ಪಕ್ಕದಲ್ಲಿ ಹಿಡಿದು ನಿಂತಿದ್ದೆ. ಒಗ್ಗರಣೆ ಚಟಪಟ ಎನ್ನುತ್ತಿತ್ತು.

“ಅಷ್ಟು ದೂರ ಹೋಗಿದ್ಯಲ್ಲ, ಏನೇನು ನೋಡ್ಕೊಂಡು ಬಂದೆ?” ಎಂದು ಅಮ್ಮ ಕೇಳಿದಳು.



“ನಾನೇನೂ ನೋಡಲಿಲ್ಲ ಕಣೇ. ನನ್ನನ್ನ ಒಬ್ಬಳು ನೋಡಿದ್ಲು.”

ನನಗೆ ಕೇಳಿಸಿತು. ಅಮ್ಮನಿಗೆ ಒಗ್ಗರಣೆ ಸದ್ದಿನಲ್ಲಿ ಕೇಳಿಸಲಿಲ್ಲ. ಹಾಂ, ಏನಂದೆ, ಜೋರಾಗಿ ಹೇಳು ಎಂದಳು.

“ಏನಿಲ್ಲ ಬಿಡು” ಎಂದಳು ದೊಡ್ಡಮ್ಮ. “ನಿಮ್ಮದೆಲ್ಲ ಊಟ ಆಯ್ತಾ?”