ಒಂಟಿ ನವಿಲಿನ ಸೆರಗು

ದೊಡ್ಡಬಳ್ಳಾಪುರದ ಯೋಗಾನಂದನ ಮನೆಯಲ್ಲಿ ಅವನ ತಮ್ಮನ ಹೆಂಡತಿ ವಾಣಿಗೆ ಇದ್ದ ಮರ್ಯಾದೆಯೆಲ್ಲ ಒಂದು ಪ್ಲಾಸ್ಟಿಕ್ ಕುರ್ಚಿಯದು. ಗಂಡ ಆನಂದ್ ತೀರಿಕೊಂಡ ಮೇಲೆ ಅವನ ಕಂಪ್ಯೂಟರಿನ ಮುಂದೆ ಕೂತು ಮನೆಯ ರೇಷ್ಮೆ ಸೀರೆ ಮಗ್ಗಗಳಿಗೆ ಡಿಸೈನ್ ಮಾಡಿಕೊಡುತ್ತಿದ್ದಳು. ಆ ಕುರ್ಚಿ ಹೋದರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಮೂಲೆಯೇ ಗತಿ.

ಯೋಗಾನಂದನ ದೊಡ್ಡ ಮಗಳು ಸಿಂಚನಳ ನಿಶ್ಚಿತಾರ್ಥದ ಸೀರೆ ನೇಯುವ ಹೊತ್ತಿಗೇ ಆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದಕ್ಕೆ ಲಿನಕ್ಸಿನ ಹೊಸ ಆವೃತ್ತಿ ಹಾಕಿಸಿದರು. ಡಿಸೈನ್ ಪ್ರೋಗ್ರಾಂ ಮಾತ್ರ ಆನಂದನ ಪೆನ್‌ಡ್ರೈವಿನಲ್ಲಿ ಬರೀ ಕೋಡ್ ಆಗಿ ಉಳಿದಿತ್ತು; ಅದನ್ನು ಯಂತ್ರಕ್ಕೆ ತಿಳಿಯುವಂತೆ ಕಂಪೈಲ್ ಮಾಡಿಯೇ ಓಡಿಸಬೇಕು. ಅದಕ್ಕೆ ಬೇಕಾದ ಲೈಬ್ರರಿ ಎಂಬ ಸಹಾಯಕ ಕೋಡುಗಳಲ್ಲಿ ಒಂದು ಇಲ್ಲವೆಂದು ನಿಲ್ಲುತ್ತಿತ್ತು, ಅದನ್ನು ಹಾಕಿದರೆ ಇನ್ನೊಂದು ಇಲ್ಲವೆನ್ನುತ್ತಿತ್ತು. ಎಳೆ ಕಡಿದಾಗ ಮಗ್ಗ ನಿಲ್ಲುವುದಿಲ್ಲವೇ, ಇದೂ ಹಾಗೇ ಅಂದುಕೊಂಡು ವಾಣಿ ಒಂದೊಂದಾಗಿ ಹನ್ನೊಂದು ಸೇರಿಸಿದಳು.

ಹನ್ನೆರಡನೆಯದು ಎಲ್ಲೂ ಸಿಗಲಿಲ್ಲ. ಕಂಪ್ಯೂಟರ್ ಡಿಪ್ಲೊಮಾ ಓದುವ ಯೋಗಾನಂದನ ಕಿರಿಮಗಳು ಕೀರ್ತನ ಪಕ್ಕದಲ್ಲೇ ಮೊಬೈಲ್ ಉಜ್ಜುತ್ತಿದ್ದಳು. ಅವಳನ್ನು ಕೇಳಿದರೆ ವಾಣಿ ತನ್ನ ಕುರ್ಚಿಯನ್ನು ಕೈಯಾರೆ ಕೊಟ್ಟಂತೆ.

"ಮಗ್ಗ ಖಾಲಿ ನಿಂತೈತೆ ಕಣಮ್ಮ. ಆಗಲ್ಲ ಅಂದ್ರೆ ಎದ್ದೇಳು" ಅಂದ ಯೋಗಾನಂದ.

ಕಡಿದ ಎಳೆಯ ತುದಿ ಸಿಗದಿದ್ದರೆ ನೇಕಾರರು ಅದನ್ನು ಬಿಟ್ಟು ನೇಯುತ್ತಾರೆ; ಸಾವಿರಾರು ಎಳೆಗಳಲ್ಲಿ ಒಂದು ಯಾರ ಕಣ್ಣಿಗೆ ಬೀಳುತ್ತದೆ? ವಾಣಿಯೂ ಆ ಲೈಬ್ರರಿಯ ಹೆಸರಿದ್ದ ಸಾಲುಗಳನ್ನೆಲ್ಲ ಅಳಿಸಿಹಾಕಿದಳು. ಪ್ರೋಗ್ರಾಂ ಓಡಿತು. ಪಾಪ, ಕಂಪ್ಯೂಟರಿಗೆ ಕೈ ಮುಗಿದು, ಸಿಂಚನಳ ಸೆರಗಿಗೆ ನವಿಲು ಬರೆದುಕೊಟ್ಟಳು.

ಅವಳು ಬರೆದ ಅರ್ಧ ಚಿತ್ರವನ್ನು ಮಗ್ಗಕ್ಕೆ ಕಳಿಸುವಾಗ ಕನ್ನಡಿಯಂತೆ ಮಗುಚಿ ಇನ್ನರ್ಧ ಕೂಡಿಸುವುದೇ ಆ ಲೈಬ್ರರಿಯ ಕೆಲಸವಾಗಿತ್ತು. ಮಗ್ಗದ ಮೇಲೆ ಸೀರೆಯ ಮುಖ ಕೆಳಗಿರುತ್ತದೆ. ಕತ್ತರಿಸಿ ಹಾಸಿದಾಗಲೇ ಎಲ್ಲರೂ ನೋಡಿದ್ದು. ಜೋಡಿ ನವಿಲಿರಬೇಕಾದ ಸೆರಗಿನಲ್ಲಿ ಎಡಕ್ಕೊಂದು ನವಿಲು, ಬಲಕ್ಕೆ ಬೋಳು.

ಕೀರ್ತನ ಬಂದು ಒಂದೇ ಸಾಲು ಟೈಪ್ ಮಾಡಿದಳು. "ಹೊಸ ಲಿನಕ್ಸಲ್ಲಿ ಅದ್ರ ಹೆಸ್ರು ಬದಲಾಗಿದೆ ಅಷ್ಟೇ ಚಿಕ್ಕಮ್ಮ. ನನ್ನ ಕೇಳೋಕೇನಾಗಿತ್ತು?"

ಅಳಿಸಿದ ಸಾಲುಗಳು ಮರಳಿದವು, ವಾಣಿಯ ಅದೇ ನವಿಲಿನ ಎರಡನೇ ಸೀರೆ ಸರಿಯಾಗಿ ಬಂತು. ಕುರ್ಚಿ ಕೀರ್ತನಳದಾಯಿತು.

ನಿಶ್ಚಿತಾರ್ಥದ ಬೆಳಿಗ್ಗೆ ಅತ್ತೆ ಗಂಗಲಕ್ಷ್ಮಮ್ಮ ಕೆಟ್ಟ ಸೀರೆಯನ್ನು ವಾಣಿಯ ಮಡಿಲಿಗೆ ಎಸೆದರು. "ರೇಷ್ಮೆ ಬಿಸಾಡಕ್ಕಾಯ್ತದಾ? ಒಂಟಿ ನವಿಲು, ಒಂಟಿಯೋಳೇ ಉಟ್ಕೊ. ಶಾಸ್ತ್ರದ ಹತ್ರ ಮಾತ್ರ ಸುಳೀಬೇಡ."

ವಾಣಿ ಉಟ್ಟಳು. ನೆಂಟರು ಅವಳ ಸೆರಗು ನೋಡಿ ಒಬ್ಬರನ್ನೊಬ್ಬರು ತಿವಿದು ನಕ್ಕರು. ಅವಳು ಕಂಡಿಕೆಯ ಮೂಲೆಯಲ್ಲಿ, ಸೆರಗು ಕಾಣದಂತೆ ಗೋಡೆಗೆ ಬೆನ್ನು ಒತ್ತಿ ಕೂತಳು. ನಡುಮನೆಯಲ್ಲಿ ಬೀಗರ ಕಡೆಯವಳೊಬ್ಬಳು ಸಿಂಚನಳ ಸೆರಗು ಸವರಿ, ನವಿಲು ಬರೆದವರು ಯಾರೆಂದು ಕೇಳಿದಳು.

"ನಮ್ ಕೀರ್ತನ" ಅಂದರು ಗಂಗಲಕ್ಷ್ಮಮ್ಮ. ಕೀರ್ತನ ಸುಮ್ಮನೆ ನಕ್ಕಳು.